ಡಾಕ್ಟರಮ್ಮ ಕೇಳಿದ್ದು ನನ್ನನ್ನೇ

ಮಸಿನಗುಡಿ
16-6-2025

ಇಂದ್ರಾಣಿಗೆ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದು ಅಂತ ಗುರುತು ಹಿಡಿದಿರ್ತೀಯ. ಒಲೆಗೆ ಹಾಕಬೇಡ. ಒಂದು ಸಲ ಓದು, ಆಮೇಲೆ ಏನಾದರೂ ಮಾಡಿಕೋ.

ನಾನು ಕ್ಷೇಮ ಅಂತ ಶುರು ಮಾಡಬೇಕು, ಗುಂಡ್ಲುಪೇಟೆ ಹಾಸ್ಟೆಲಿನಲ್ಲಿ ನಮಗೆ ಹಾಗೇ ಕಲಿಸಿದ್ದರು. ಆದರೆ ನಾನು ಕ್ಷೇಮವಾಗಿದ್ದೀನೋ ಇಲ್ವೋ ನನಗೇ ಗೊತ್ತಿಲ್ಲ ಕಣೇ. ಮನೆಯಲ್ಲಿ ಮಿಕ್ಕವರಿಗೆಲ್ಲ ಗೊತ್ತು.

ಮೇ ತಿಂಗಳಲ್ಲಿ ಸ್ನಾನ ಮಾಡುವಾಗ ಬಲಗಡೆ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಅವರೆಕಾಳಿಗಿಂತ ಸ್ವಲ್ಪ ದೊಡ್ಡದು, ನೋವಿಲ್ಲ. ಇವರಿಗೆ ಹೇಳಿದೆ, ಇವರು ನವೀನನಿಗೆ ಹೇಳಿದರು. ಮಗ ಕೊಯಮತ್ತೂರಿಗೆ ಕರ್ಕೊಂಡು ಹೋದ. ಮಿಷನ್ನಿನಲ್ಲಿ ಅದುಮಿ ಫೋಟೋ ತೆಗೆದರು, ಸೂಜಿ ಚುಚ್ಚಿ ಚೂರು ತೆಗೆದರು, ಸ್ಕ್ಯಾನೂ ಮಾಡಿದರು. ವಾರ ಬಿಟ್ಟು ಮತ್ತೆ ಕರೆದರು. ಇನ್ನು ಮುಂದಿನದು ಸರಿಯಾಗಿ ಕೇಳು.

ಡಾಕ್ಟರಮ್ಮ ತಮಿಳಿನಲ್ಲಿ ಶುರು ಮಾಡಿದರು. ಮೂವತ್ತು ವರ್ಷದಿಂದ ಈ ಊರಿನಲ್ಲಿದ್ದೀನಿ, ನನಗೆ ತಮಿಳು ಬರಲ್ವಾ? ನವೀನ ಮಧ್ಯೆ ಬಾಯಿ ಹಾಕಿ ಏನೋ ಇಂಗ್ಲಿಷಿನಲ್ಲಿ ಅಂದ. ಅಲ್ಲಿಂದ ಇಬ್ಬರೂ ಇಂಗ್ಲಿಷೇ. ಆಯಮ್ಮ ಕಾಲು ಗಂಟೆ ಮಾತಾಡಿದರು, ಹಾಳೆ ಮೇಲೆ ಎದೆಯ ಚಿತ್ರ ಬರೆದರು, ಒಂದು ಸಲ ಪೂರ್ತಿ ಸುತ್ತು ಹಾಕಿದರು, ಇನ್ನೊಂದು ಸಲ ಮೂಲೆಯಲ್ಲಿ ಸಣ್ಣ ಸುತ್ತು. ಆಮೇಲೆ ನನ್ನ ಮುಖ ನೋಡಿ ಏನೋ ಕೇಳಿದರು. ಕೇಳೋ ದನಿ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತೆ. ಕೇಳಿದ್ದು ನನ್ನನ್ನ. ಉತ್ತರ ಕೊಟ್ಟಿದ್ದು ನವೀನ.

ಹೊರಗೆ ಬಂದು, "ಏನಂತೋ?" ಅಂದೆ. "ಕೊಬ್ಬಿನ ಗಂಟು ಅಮ್ಮ, ತೆಗೆದುಬಿಟ್ಟರೆ ಆಯ್ತು" ಅಂದ. ಕಾಲು ಗಂಟೆ ಮಾತಿಗೆ ಇಷ್ಟೇನಾ?

ಅವತ್ತಿಂದ ನೋಡ್ತಿದ್ದೀನಿ. ಇವರು ಬೆಳಗ್ಗೆ ಎದ್ದು ನನಗೆ ಕಾಫಿ ಮಾಡಿಕೊಡ್ತಾರೆ. ಒಲೆ ಹಚ್ಚೋಕೆ ಬರದ ಮನುಷ್ಯ! ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಅದನ್ನೂ ಚೆನ್ನಾಗಿದೆ ಅಂತ ಬಡಿಸಿಕೊಂಡು ತಿಂದರು. ಫೋನ್ ಬಂದರೆ ಇಬ್ಬರೂ ಕೊಟ್ಟಿಗೆ ಹಿಂದಕ್ಕೆ ಹೋಗ್ತಾರೆ. ನನ್ನ ಫೈಲು ನವೀನನ ಬೀರುವಿನಲ್ಲಿದೆ, ಬೀಗ ಹಾಕಿದೆ. ಕೊಬ್ಬಿನ ಗಂಟಿಗೆ ಬೀಗ ಯಾಕೆ ಹೇಳು?

ನಿನಗೂ ನಾಲ್ಕು ವರ್ಷದ ಹಿಂದೆ ಅಲ್ಲೇ ಆಪರೇಷನ್ ಆಯ್ತಲ್ಲ. ನಿನ್ನನ್ನ ಡಾಕ್ಟರು ಏನು ಕೇಳಿದರು? ಅದನ್ನ ಬರೆ. ಫೋನ್ ಮಾಡಬೇಡ, ನಮ್ಮ ಮನೆ ಗೋಡೆ ತೆಳ್ಳಗಿದೆ. ಕಾಗದ ಆದರೆ ಭಯ ಇಲ್ಲ. ಮಕ್ಕಳು ಓದಿದ್ದು ತಮಿಳು, ಇಂಗ್ಲಿಷು. ಇವರಿಗಂತೂ ಯಾವ ಅಕ್ಷರವೂ ಬರಲ್ಲ. ಕನ್ನಡದಲ್ಲಿ ಬರೆದದ್ದನ್ನ ಈ ಮನೆಯಲ್ಲಿ ಓದೋಳು ನಾನೊಬ್ಬಳೇ. ಪೋಸ್ಟ್‌ಮ್ಯಾನ್ ನಾಗನಿಗೂ ಹೇಳಿಟ್ಟಿದ್ದೀನಿ, ಹಾಲಿನ ಸೊಸೈಟಿ ಹತ್ತಿರ ನನ್ನ ಕೈಗೇ ಕೊಡ್ತಾನೆ.

ಇಂತಿ,
ಚನ್ನಾಜಿ


ಕೆಳಹಟ್ಟಿ, ಲವ್‌ಡೇಲ್ ಅಂಚೆ
27-6-2025

ಶ್ರೀಮತಿ ಚನ್ನಾಜಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಈಗ ಗ್ಯಾಸು.

ನಾಲ್ಕು ವರ್ಷದಲ್ಲಿ ಒಂದು ಫೋನ್ ಇಲ್ಲ, ಒಂದು ಮಾತಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಎರಡು ಹಾಳೆ. ಇದರ ಹಿಂದೆ ಏನಿದೆ ಅಂತ ಮೂರು ದಿನ ಯೋಚಿಸಿದೆ. ನಿಮ್ಮ ಮಗಳಿಗೆ ಕುನ್ನೂರಿನ ಹತ್ತಿರ ವೆಲ್ಲಿಂಗ್ಟನ್ ಕಡೆ ಹುಡುಗ ನೋಡ್ತಿದ್ದಾರೆ ಅನ್ನೋ ಸುದ್ದಿ ನನ್ನ ಕಿವಿಗೂ ಬಿದ್ದಿದೆ. ಆ ಮನೆಯೋರ ಬಗ್ಗೆ ನನ್ನಿಂದ ಏನಾದರೂ ಹೊರಡಿಸಬೇಕಾ? ಅಥವಾ ನಾನು ಇನ್ನೂ ಬದುಕಿದ್ದೀನಾ ಅಂತ ನೋಡಬೇಕಾ? ಬದುಕಿದ್ದೀನಿ. ದಿನಾ ತೋಟದಲ್ಲಿ ಟೀ ಎಲೆ ಕೀಳ್ತೀನಿ.

ಆಪರೇಷನ್ ಆಗಿ ಹದಿನೆಂಟನೇ ದಿನ ನೀವು ನೋಡೋಕೆ ಬಂದಿರಿ. ನಾನು ಎದ್ದು ನಿಲ್ಲೋಕಾಗದೆ ಇದ್ದರೂ ನಿಮಗೆ ಅಂತ ನಾನೇ ಕಾಫಿ ಮಾಡಿದೆ. ಸೆರಗು ಸರಿದು ಪಟ್ಟಿ ಕಂಡಿತು. ನೀವು ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದಿರಿ. ಆ ಬಸ್ಸು ಮೂರೂವರೆಗೆ. ಆಗ ಎರಡು ಗಂಟೆ. ಹಟ್ಟಿಯ ನಾಲ್ಕು ಹೆಂಗಸರು ಅಲ್ಲೇ ಕೂತಿದ್ದರು, ತುಂಬಿದ ಲೋಟ ನೋಡಿದರು. ಕೂಡಿ ಓದಿದ ಸ್ನೇಹಿತೆಯೇ ಮುಟ್ಟಲಿಲ್ಲ ಅಂದ ಮೇಲೆ ಅಂಟುರೋಗವೇ ಇರಬೇಕು ಅಂತ ಮಾತಾಯ್ತು. ಒಂದು ವರ್ಷ ನಮ್ಮ ಮನೆಯಲ್ಲಿ ಯಾರೂ ನೀರು ಕುಡಿಯಲಿಲ್ಲ. ನನ್ನ ಯಜಮಾನರು ಹಾಲನ್ ಎಲ್ಲರೆದುರು ನನ್ನ ಎಂಜಲು ತಟ್ಟೆಯಲ್ಲೇ ಊಟ ಮಾಡಿ ತೋರಿಸಬೇಕಾಯಿತು.

ಕೇಳಿದ್ದಕ್ಕೆ ಉತ್ತರ. ನನ್ನನ್ನ ಡಾಕ್ಟರು ಏನು ಕೇಳಿದರು ಅಂತ ಹೇಳಿ ಪ್ರಯೋಜನ ಇಲ್ಲ. ನಿಮ್ಮ ಫೈಲಿನಲ್ಲಿ ಏನಿದೆ ಅಂತ ತಿಳಿಯದೆ ನಾನು ಬಾಯಿ ಬಿಡೋಳಲ್ಲ. ಎಬಿಸಿಡಿ ನಿಮಗೆ ಬರುತ್ತಲ್ಲ. ಸೂಜಿ ಪರೀಕ್ಷೆಯ ಹಾಳೆಯಲ್ಲಿ ಕೊನೆಗೆ ನಾಲ್ಕೈದು ಸಾಲು ಇರುತ್ತೆ. ಅರ್ಥ ಆಗದಿದ್ದರೂ ಇದ್ದ ಹಾಗೇ ನೋಡಿ ಬರೆದು ಕಳಿಸಿ.

ಇಂದ್ರಾಣಿ ಹಾಲನ್


ಮಸಿನಗುಡಿ
4-7-2025

ಇಂದ್ರಾ,

ನೀವು ತಾವು ಅಂತ ಬರೆದು ಹೊಟ್ಟೆ ಉರಿಸಿದ್ದೀಯ. ಬೈದಿದ್ದರೆ ಇದಕ್ಕಿಂತ ಚೆನ್ನಾಗಿರ್ತಿತ್ತು. ಕಾಫಿ ವಿಷಯ ನೀನು ಬರೆದಿದ್ದೆಲ್ಲ ನಿಜ, ಬಸ್ಸಿನ ಹೊತ್ತೂ ನಿಜ. ಹಟ್ಟಿಯೋರು ಹಾಗೆ ಮಾಡಿದ್ದು ನನಗೆ ಗೊತ್ತಿರಲಿಲ್ಲ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ. ಯಾಕೆ ಎದ್ದು ಹೋದೆ ಅಂತ ಮಾತ್ರ ಈಗ ಕೇಳಬೇಡ.

ಫೈಲು ತೆಗೆದೆ. ಹೇಗೆ ಅಂತೀಯಾ? ನವೀನ ಬೀಗದ ಕೈಯನ್ನ ಪ್ಯಾಂಟಿನ ಜೇಬಿನಲ್ಲಿ ಇಟ್ಕೊಳ್ತಾನೆ. ಆ ಪ್ಯಾಂಟು ಒಗೆಯೋಳು ಯಾರು? ಅಮ್ಮನಿಂದ ಬಚ್ಚಿಡೋನು ಮೊದಲು ಬಟ್ಟೆ ಒಗೆಯೋದು ಕಲೀಬೇಕು. ಅವರಿಬ್ಬರೂ ಗೂಡಲೂರಿಗೆ ಹೋಗಿದ್ದಾಗ ಬೀರು ತೆಗೆದು, ಕೊನೆಯ ಸಾಲುಗಳನ್ನ ಒಂದೊಂದೇ ಅಕ್ಷರ ನೋಡಿ ಬೇರೆ ಚೀಟಿಯಲ್ಲಿ ಬರೆದಿದ್ದೀನಿ, ಇದರ ಜೊತೆ ಇಟ್ಟಿದ್ದೀನಿ. ಅಕ್ಷರ ಸೊಟ್ಟ ಇದ್ದರೆ ಬೈಬೇಡ.

ಅದೇ ಫೈಲಿನಲ್ಲಿ ಇನ್ನೊಂದು ಸಿಕ್ಕಿತು. ತಮಿಳಿನ ಸಣ್ಣ ಪುಸ್ತಕ, ಮೇಲೆ ಹೆಂಗಸಿನ ಚಿತ್ರ. ಆಸ್ಪತ್ರೆಯೋರು ನನಗೆ ಅಂತಲೇ ಕೊಟ್ಟಿರಬೇಕು. ತಮಿಳು ಮಾತಾಡ್ತೀನಿ, ಓದೋಕೆ ಬರಲ್ಲ ಅಂತ ಗೊತ್ತಿದ್ದೂ ಅದನ್ನೂ ಒಳಗೆ ಇಟ್ಟು ಬೀಗ ಹಾಕಿದ್ದಾನೆ ನೋಡು, ಎಷ್ಟು ಮುಂದಾಲೋಚನೆ! ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದಕ್ಕೆ ಇಷ್ಟು ಬುದ್ಧಿ.

ಇನ್ನೊಂದು ಅನುಮಾನ. ಆಪರೇಷನ್ ಆಗಸ್ಟ್ ಆರಕ್ಕೆ ಅಂತೆ. ಜೂನಿನಲ್ಲಿ ಗೊತ್ತಾದದ್ದಕ್ಕೆ ಆಗಸ್ಟ್ ತನಕ ಯಾಕೆ ಕಾಯಬೇಕು? ಕೇಳಿದರೆ "ಡಾಕ್ಟರಿಗೆ ಪುರುಸೊತ್ತಿಲ್ಲ" ಅಂತಾನೆ, ನನ್ನ ಮುಖ ನೋಡದೆ.

ಇರೋದನ್ನ ಇದ್ದ ಹಾಗೆ ಬರೆ. ನೀನೂ ಸುಳ್ಳು ಹೇಳಿದರೆ ನನಗೆ ಇನ್ಯಾರೂ ಇಲ್ಲ.

ಚನ್ನಾಜಿ


ಕೆಳಹಟ್ಟಿ
11-7-2025

ಚನ್ನಾಜಿ,

ಚೀಟಿ ನೋಡಿದೆ. ನನಗೆ ಅರ್ಥ ಆಗಿತ್ತು, ಆದರೂ ನಮ್ಮ ಹಟ್ಟಿಯ ನರ್ಸಿನ ಕೈಯಲ್ಲಿ ಹೆಸರು ಹೇಳದೆ ಓದಿಸಿದೆ. ಕೂತ್ಕೊಂಡು ಓದು. ಸೊಸೈಟಿ ಹತ್ತಿರ ನಿಂತಿದ್ದರೆ ಮನೆಗೆ ಹೋಗಿ ಓದು.

ಅದು ಕ್ಯಾನ್ಸರ್ ಕಣೇ.

ಬರೆದುಬಿಟ್ಟೆ. ನನಗೆ ಹೇಳಿದಾಗ ಕಿವಿಯೊಳಗೆ ಗುಂಯ್ ಅಂತು, ಆಮೇಲೆ ಡಾಕ್ಟರು ಹೇಳಿದ್ದೇನೂ ಕೇಳಿಸಲಿಲ್ಲ. ನಿನಗೆ ಈ ಕಾಗದ ಇದೆ, ಎಷ್ಟು ಸಲ ಬೇಕಾದರೂ ಓದಬಹುದು. ಗಂಟು ಚಿಕ್ಕದು, ಬೇಗ ಸಿಕ್ಕಿದೆ ಅನ್ನೋ ಹಾಗೆ ಕಾಣುತ್ತೆ. ಬೇರೆ ಕಡೆ ಹರಡಿದೆಯಾ ಅನ್ನೋದು ಈ ಚೀಟಿಯಿಂದ ಗೊತ್ತಾಗಲ್ಲ, ಅದನ್ನ ಡಾಕ್ಟರೇ ಹೇಳಬೇಕು. ನಾನು ಡಾಕ್ಟರಲ್ಲ, ಎಲೆ ಕೀಳೋಳು. ಇಷ್ಟು ಮಾತ್ರ ಗೊತ್ತು: ನನಗಿಂತ ದೊಡ್ಡ ಗಂಟಿದ್ದವರು ನನ್ನ ಜೊತೆ ವಾರ್ಡಿನಲ್ಲಿದ್ದು ಮನೆಗೆ ಹೋಗಿ ಮೊಮ್ಮಕ್ಕಳನ್ನ ಆಡಿಸ್ತಿದ್ದಾರೆ. ಒಬ್ಬಳು ಹೋಗಿಬಿಟ್ಟಳು. ಅದನ್ನೂ ಬಚ್ಚಿಡಲ್ಲ. ಇದು ಅಂಟೋದಿಲ್ಲ ಅನ್ನೋದನ್ನ ಬೇರೆಯಾಗಿ ಬರೀಬೇಕಾ?

ಎರಡು ಸುತ್ತು ಹಾಕಿದರು ಅಂದೆಯಲ್ಲ. ಪೂರ್ತಿ ತೆಗೆಯೋದಾ, ಗಂಟಿರೋ ಭಾಗ ಮಾತ್ರ ತೆಗೆಯೋದಾ ಅಂತ ಕೇಳಿರ್ತಾರೆ. ಭಾಗ ತೆಗೆದರೆ ಆಮೇಲೆ ಕರೆಂಟು ಅಂತಾರಲ್ಲ, ಆ ರೇಡಿಯೇಷನ್ ಕೊಡಿಸಿಕೊಳ್ಳಬೇಕು, ವಾರಗಟ್ಟಲೆ ಕೊಯಮತ್ತೂರಿನಲ್ಲಿ ಇರಬೇಕಾಗುತ್ತೆ. ನಿನ್ನ ಮೈ, ನಿನ್ನನ್ನೇ ಕೇಳಿದ್ದಾರೆ.

ನಾನು ಕೇಳದೆ ಬಿಟ್ಟು ಆಮೇಲೆ ಹಲ್ಲು ಕಡಿದದ್ದು ಬೇಕಾದಷ್ಟಿದೆ. ಕೈ ಬಗ್ಗೆ ಯಾರೂ ಹೇಳಲಿಲ್ಲ. ಕಂಕುಳಿನ ಗಂಟು ತೆಗೆದರೆ ಆ ಕಡೆ ಕೈ ಊದಿಕೊಳ್ಳಬಹುದು, ಭಾರ ಹೊರಬಾರದು, ಆ ಕೈಗೆ ಸೂಜಿ ಚುಚ್ಚಿಸಿಕೊಳ್ಳಬಾರದು. ನಾನು ಮೂರನೇ ತಿಂಗಳಿಗೇ ಎಲೆ ಮೂಟೆ ಎತ್ತಿ ಕೈ ಕಂಬದ ಹಾಗಾಯ್ತು. ನೀನು ಮೂರು ಹಸು ಕರೆಯೋಳು, ಬಲಗೈ. ಮೊದಲೇ ಕೇಳು. ಪಕ್ಕದಲ್ಲಿ ಕೊಳವೆ, ಬಾಟಲಿ ಜೋತುಬಿಟ್ಟು ಮನೆಗೆ ಕಳಿಸ್ತಾರೆ, ಅದನ್ನ ಯಾವಾಗ ತೆಗೀತಾರೆ ಅಂತ ಕೇಳು. ಕೂದಲು ಉದುರೋ ಔಷಧಿ ಇದೆಯಾ ಅಂತ ಕೇಳು.

ಇನ್ನೊಂದು, ಇದನ್ನ ಯಾವ ಪುಸ್ತಕದಲ್ಲೂ ಬರೆದಿರಲ್ಲ. ನಮ್ಮ ಅತ್ತೆ ತೀರಿಕೊಂಡಾಗ ಸೊಸೆಯಂದಿರೆಲ್ಲ ಹಳೇ ಪದ್ಧತಿಯಲ್ಲಿ ಬಿಳಿ ಮುಂಡು ಉಡಬೇಕಾಗಿತ್ತು, ಕಂಕುಳ ಕೆಳಗೆ ಎದೆ ಮೇಲೆ ಸುತ್ತಿ ಬಿಗಿಯೋದು. ಒಂದು ಕಡೆ ಏನೂ ಇಲ್ಲದಿದ್ದರೆ ಅದು ನಿಲ್ಲಲ್ಲ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಹೆಣದ ಮುಂದೆ ಇಡೀ ಹಟ್ಟಿ ಸೇರಿದೆ, ನನ್ನ ಮುಂಡು ಜಾರ್ತಿದೆ. ಅಳೋದು ಬಿಟ್ಟು ಬಟ್ಟೆ ಹಿಡ್ಕೊಂಡು ನಿಂತಿದ್ದೆ. ಅತ್ತೆ ಮೇಲೆ ಪ್ರೀತಿ ಇಲ್ಲ ಅಂತ ಅದಕ್ಕೂ ಅಂದರು. ಆಮೇಲೆ ಬಟ್ಟೆಯ ಒಳಗೆ ಹತ್ತಿ ತುಂಬಿ ನಾನೇ ಹೊಲಿದುಕೊಂಡೆ. ನಿನಗೂ ಬೇಕಾದರೆ ಹೊಲಿದುಕೊಡ್ತೀನಿ.

ಮತ್ತೆ, ಮನೆತನದಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳ್ತಾರೆ. ತಾಯಿಗೆ, ಅಕ್ಕತಂಗಿಗೆ, ಚಿಕ್ಕಮ್ಮನಿಗೆ. ನನ್ನನ್ನ ಮೂರು ಸಲ ಕೇಳಿದರು. ನಿನ್ನನ್ನೂ ಕೇಳಿರಲೇಬೇಕು. ಅದಕ್ಕೆ ನವೀನ ಏನು ಹೇಳಿದ ಅಂತ ತಿಳ್ಕೋ.

ಅತ್ತುಬಿಡು. ಅತ್ತು ಮುಗಿಸಿ ಬರೆ.

ಇಂದ್ರಾಣಿ


ಮಸಿನಗುಡಿ
16-7-2025

ಇಂದ್ರಾ,

ಅತ್ತಿದ್ದಾಯ್ತು, ಕೊಟ್ಟಿಗೆಯಲ್ಲಿ. ಹಸು ತಿರುಗಿ ತಿರುಗಿ ನೋಡ್ತು, ಅವತ್ತು ಹಾಲೂ ಕಡಿಮೆ ಕೊಡ್ತು.

ಆಮೇಲೆ ಸಿಟ್ಟು ಬಂತು ನೋಡು. ನವೀನ ಊಟಕ್ಕೆ ಕೂತಿದ್ದ. ಅನ್ನ ಬಡಿಸಿ, "ನನಗೆ ಕ್ಯಾನ್ಸರಂತೆ, ಸಾರು ಹಾಕಲಾ?" ಅಂದೆ. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಇವರು ಗೋಡೆ ಕಡೆ ತಿರುಗಿ ಕೂತರು. ಯಾರು ಹೇಳಿದ್ದು, ಯಾರು ಹೇಳಿದ್ದು ಅಂತ ಅಪ್ಪ ಮಗ ಇಬ್ಬರೂ ಅದೇ ಕೇಳಿದರು. ಕಳ್ಳರಿಗೆ ಮನೆಯಲ್ಲಿ ದೀಪ ಹಚ್ಚಿದವರು ಯಾರು ಅನ್ನೋದೇ ಚಿಂತೆ. ಹೇಳಲಿಲ್ಲ.

ಒಂದೊಂದೇ ಕಕ್ಕಿಸಿದೆ. ಡಾಕ್ಟರಮ್ಮ ಅವತ್ತು ಕೇಳಿದ್ದು ನೀನು ಬರೆದದ್ದೇ, ಪೂರ್ತಿಯೋ ಸ್ವಲ್ಪವೋ. "ಪೂರ್ತಿ ತೆಗೀರಿ" ಅಂದನಂತೆ ನನ್ನ ಮಗ. ಎದೆ ನಂದು, ಮಾತು ಅವನದು! ಭಾಗ ತೆಗೆಸಿದರೆ ವಾರಗಟ್ಟಲೆ ಊರು ಬಿಟ್ಟು ಇರಬೇಕು, ಚನ್ನಾಜಮ್ಮ ಎಲ್ಲಿ ಅಂತ ಜನ ಕೇಳ್ತಾರೆ, ಏನು ಹೇಳೋದು ಅಂತ. ಬೇರೆ ಕಡೆ ಹರಡಿಲ್ಲ ಅಂತ ಸ್ಕ್ಯಾನಿನಲ್ಲಿ ಬಂದಿದೆಯಂತೆ, ಅದನ್ನಾದರೂ ಬಾಯಿ ಬಿಟ್ಟು ಹೇಳಬಾರದಿತ್ತಾ? ಒಂದು ತಿಂಗಳು ನಾನು ಸಾಯ್ತೀನಿ ಅಂದ್ಕೊಂಡು ಓಡಾಡಿದ್ದೀನಿ. ಕೈ ವಿಷಯ ಅವನು ಕೇಳೇ ಇಲ್ಲ. ಕೊಳವೆ ವಿಷಯ ಗೊತ್ತಿಲ್ಲ. ಕೂದಲಿನ ಔಷಧಿ ಆಪರೇಷನ್ ಆದಮೇಲೆ ನೋಡಿ ಹೇಳ್ತಾರಂತೆ.

ಆಗಸ್ಟ್ ತನಕ ಯಾಕೆ ಕಾದದ್ದು ಗೊತ್ತಾ? ವೆಲ್ಲಿಂಗ್ಟನ್ ಅಂಗಡಿಯೋರ ಮಗನ ಜೊತೆ ನಮ್ಮ ಮಗಳು ಶಿವರಂಜನಿಗೆ ಮಾತಾಗಿದೆ. ಆಷಾಢ ಕಳೆದು, ಇಪ್ಪತ್ತೇಳನೇ ತಾರೀಖು ನಿಶ್ಚಿತಾರ್ಥ. ತಾಯಿಗೆ ಹೀಗಿದೆ ಅಂತ ತಿಳಿದರೆ ಅವರು ಹಿಂದೆ ಸರೀತಾರೆ ಅಂತ ಮೊದಲು ಮುಹೂರ್ತ, ಆಮೇಲೆ ನಾನು. ಶಿವರಂಜನಿಗೂ ಹೇಳಿಲ್ಲ. ಅವಳು ಗೂಡಲೂರಿನ ಸ್ಕೂಲಿನಲ್ಲಿ ಪಾಠ ಮಾಡ್ಕೊಂಡು, ಶನಿವಾರ ಬಂದು, ನನ್ನ ಮಡಿಲಲ್ಲಿ ತಲೆ ಇಟ್ಟು ಸೀರೆ ಬಣ್ಣ ಆರಿಸ್ತಾಳೆ.

ನನ್ನ ಬೆನ್ನ ಹಿಂದೆ, ನನ್ನ ಮೈ ಬಗ್ಗೆ, ನನ್ನ ಮಗನೇ ತೀರ್ಮಾನ ಮಾಡಿದ. ನನಗೆ ಹೇಳಿದರೆ ನಾನು ಕುಸಿದು ಬೀಳ್ತೀನಿ ಅಂತೆ. ಯಾರು ಕುಸಿದರು ಈಗ? ತಿಳಿದುಕೊಳ್ಳೋ ಹಕ್ಕು ಇರೋರಿಂದ ಬಚ್ಚಿಡೋನು ಎಷ್ಟು ಪ್ರೀತಿ ಇದ್ದರೂ ಕಳ್ಳನೇ. ಅವನ ಮುಖಕ್ಕೇ ಹಾಗಂದೆ. ಅತ್ತ. ಅಳಲಿ.

ಇಂತಿ,
ಚನ್ನಾಜಿ


ಕೆಳಹಟ್ಟಿ
22-7-2025

ಚನ್ನಾಜಿ,

ಹರಡಿಲ್ಲ ಅಂತ ಓದಿ ನಾನೂ ನನ್ನ ಯಜಮಾನರೂ ಗಟ್ಟಿಯಾಗಿ ನಕ್ಕುಬಿಟ್ಟೆವು. ಅವರು, "ಅವಳಿಗೆ ಕಾಫಿ ಕುಡಿಯೋಕೆ ಬರೋಕೆ ಹೇಳು" ಅಂದರು.

ನಿನ್ನ ಕಾಗದ ಎರಡನೇ ಸಲ ಓದುವಾಗ ಒಂದು ಕಡೆ ಸಿಕ್ಕಿಹಾಕ್ಕೊಂಡೆ. ನಾನು ಕೇಳಿದ ಒಂದೊಂದಕ್ಕೂ ಉತ್ತರ ಬರೆದಿದ್ದೀಯ. ಕೈ ಬರೆದೆ, ಕೊಳವೆ ಬರೆದೆ, ಕೂದಲು ಬರೆದೆ. ಮನೆತನದಲ್ಲಿ ಯಾರಿಗಾದರೂ ಇತ್ತಾ ಅನ್ನೋದನ್ನ ಬಿಟ್ಟಿದ್ದೀಯ. ನೀನು ಮರೆಯೋ ಹೆಂಗಸಲ್ಲ.

ಹತ್ತನೇ ಕ್ಲಾಸಿನಲ್ಲಿ ನೀನು ಒಂದೂವರೆ ತಿಂಗಳು ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ತಲೆಗೆ ಎಣ್ಣೆ ಇರಲಿಲ್ಲ. ಅವ್ವ ತೀರಿಕೊಂಡರು ಅಂದೆ. ಕಾಮಾಲೆ ಅಂದೆ. ಎರಡು ದಿನ ಬಿಟ್ಟು ವಾರ್ಡನ್ ಕೇಳಿದಾಗ ಜ್ವರ ಅಂದೆ. ಆಗ ನನಗೆ ಹದಿನಾರು ವರ್ಷ, ಅಷ್ಟು ಹೊಳೆಯಲಿಲ್ಲ. ನನ್ನ ಪಟ್ಟಿ ನೋಡಿದಾಗ ನಿನ್ನ ಮುಖ ಬಿಳಿಚಿದ್ದು ಈಗ ಮತ್ತೆ ಮತ್ತೆ ಕಣ್ಣ ಮುಂದೆ ಬರ್ತಿದೆ. ಏನೂ ಗೊತ್ತಿಲ್ಲದವರು ಪಟ್ಟಿ ನೋಡಿದರೆ ಹಾಗಾಗಲ್ಲ.

ನಿನ್ನ ಅವ್ವನಿಗೆ ಏನಾಗಿತ್ತು?

ಇಂದ್ರಾಣಿ


ಮಸಿನಗುಡಿ
28-7-2025

ಇಂದ್ರಾ,

ನಿನ್ನೆ ನಿಶ್ಚಿತಾರ್ಥ ಆಯ್ತು. ಹುಡುಗ ಒಳ್ಳೇನು, ಶಿವರಂಜನಿ ನಗ್ತಾನೇ ಇದ್ದಳು. ನಾನು ಬಲಗಡೆ ಸೆರಗು ಎರಡು ಸುತ್ತು ಹೊದ್ದು ತಟ್ಟೆ ಹಿಡಿದಿದ್ದೆ.

ನೀನು ಬಿಡೋಳಲ್ಲ. ಹಾಸ್ಟೆಲಿನಲ್ಲಿ ನನ್ನ ಪೆಟ್ಟಿಗೆಯಲ್ಲಿ ಬೆಲ್ಲ ಇರೋದನ್ನೂ ನೀನೇ ಪತ್ತೆ ಮಾಡಿದ್ದು.

ಅವ್ವನಿಗೆ ಇದೇ ಆಗಿತ್ತು. ಎಡಗಡೆ. ಒಡೆದು ಹುಣ್ಣಾಗಿತ್ತು. ಮೈಸೂರಿಗೆ ಒಂದು ಸಲ ಕರ್ಕೊಂಡು ಹೋಗಿದ್ದರು, ಡಾಕ್ಟರು ಅಪ್ಪನಿಗೆ ಏನೋ ಹೇಳಿದರು, ಅಪ್ಪ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಆಮೇಲೆ ಅವ್ವನನ್ನ ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಬಟ್ಟೆ ಬದಲಾಯಿಸೋಳು ನಾನು. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ತೊಳೆದು, ಬಟ್ಟೆಯನ್ನ ಯಾರಿಗೂ ಕಾಣದ ಹಾಗೆ ಹಿತ್ತಲಲ್ಲಿ ಸುಡ್ತಿದ್ದೆ. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಅವ್ವ ದಿನಾ ಕೇಳೋಳು, "ನನಗೇನಾಗಿದೆ ಮಗಾ?" ವಾಸಿಯಾಗುತ್ತೆ ಅಂತಿದ್ದೆ. ಮೂವತ್ತೆಂಟು ವರ್ಷ ಅವ್ವನಿಗೆ.

ಮಣ್ಣು ಮಾಡಿ ಬಂದ ದಿನ ಸೋದರತ್ತೆ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದು, "ಯಾರು ಕೇಳಿದರೂ ಕಾಮಾಲೆ ಅನ್ನು, ಎದೆ ಹುಣ್ಣಿನ ಮನೆ ಅಂತ ಗೊತ್ತಾದರೆ ನಿನ್ನನ್ನ ಯಾರೂ ತಗೊಳ್ಳಲ್ಲ" ಅಂದರು. ಹಾಗೇ ಅಂದೆ. ಇವರಿಗೂ ಹಾಗೇ ಹೇಳಿ ತಾಳಿ ಕಟ್ಟಿಸಿಕೊಂಡೆ. ಮಕ್ಕಳಿಗೂ ಅದೇ. ನವೀನ ಡಾಕ್ಟರಮ್ಮನಿಗೆ "ಯಾರಿಗೂ ಇಲ್ಲ, ಅಜ್ಜಿ ಕಾಮಾಲೆಯಲ್ಲಿ ಹೋದರು" ಅಂದಿದ್ದಾನೆ. ಪಾಪ, ಅವನು ಸುಳ್ಳು ಹೇಳಲಿಲ್ಲ. ನಾನು ಕಲಿಸಿದ್ದನ್ನ ಒಪ್ಪಿಸಿದ.

ಮೂವತ್ತೆಂಟು ದಾಟಿದಾಗ ತಪ್ಪಿಸಿಕೊಂಡೆ ಅಂದ್ಕೊಂಡೆ. ನಿನ್ನ ಮನೆಗೆ ಬಂದು ಆ ಪಟ್ಟಿ ನೋಡಿದಾಗ ಅವ್ವನ ಕೋಣೆ ಕಂಡಿತು ಕಣೇ. ನಿನ್ನದು ನನಗೆ ಅಂಟುತ್ತೆ ಅಂತ ನಾನು ಎದ್ದು ಬರಲಿಲ್ಲ, ಆಣೆ ಮಾಡ್ತೀನಿ. ನನ್ನೊಳಗೇ ಇದೆ, ಇವತ್ತಲ್ಲ ನಾಳೆ ಏಳುತ್ತೆ ಅಂತ ಹೆದರಿ ಓಡಿಬಂದೆ. ನಿನ್ನ ಗತಿ ಏನಾಗುತ್ತೆ ಅಂತ ತಿರುಗಿಯೂ ನೋಡಲಿಲ್ಲ. ಇದಕ್ಕೆ ಏನು ಬೈದರೂ ಸಲ್ಲುತ್ತೆ.

ಇನ್ನು ನನ್ನ ಮಾತು ನಡೆಸಿಕೊಡು. ಇದು ನಮ್ಮಿಬ್ಬರಲ್ಲೇ ಇರಲಿ. ಕಾರ್ತೀಕದಲ್ಲಿ ಮದುವೆ. ತಾಯಿಗೆ ಬಂದಿದೆ ಅಂದರೆ ಹಣೆಬರಹ ಅಂತಾರೆ, ಅಜ್ಜಿಗೂ ಇತ್ತು ಅಂದರೆ ಹುಡುಗಿಯನ್ನೇ ನೋಡ್ತಾರೆ. ಒಂದು ಮೂರು ತಿಂಗಳು. ತಾಳಿ ಬೀಳಲಿ, ಆಮೇಲೆ ನಾನೇ ಶಿವರಂಜನಿಗೆ ಹೇಳ್ತೀನಿ. ಡಾಕ್ಟರಮ್ಮನಿಗೂ ಆಮೇಲೆ ಹೇಳಿದರಾಯ್ತು. ಮಗಳಿಗೆ ಈಗಲೇ ಗೊತ್ತಾದರೆ ತಡ್ಕೊಳ್ಳಲ್ಲ, ಎಳೇ ಮನಸ್ಸು.

ಚನ್ನಾಜಿ


ಕೆಳಹಟ್ಟಿ
31-7-2025

ಚನ್ನಾಜಿ,

ಕಾಫಿಯ ಲೆಕ್ಕ ಇವತ್ತಿಗೆ ಮುಗೀತು. ಆ ಹದಿನಾರು ವರ್ಷದ ಹುಡುಗಿ ಹಿತ್ತಲಲ್ಲಿ ಬಟ್ಟೆ ಸುಡೋದು ನೆನೆಸಿಕೊಂಡು ಎಲೆ ಕೀಳುವಾಗ ಅತ್ತೆ. ನನ್ನ ಪಕ್ಕದ ಹಾಸಿಗೆಯಲ್ಲೇ ಮಲಗ್ತಿದ್ದೆಯಲ್ಲೇ, ನನಗೆ ಒಂದು ಮಾತು ಹೇಳಬಾರದಿತ್ತಾ?

ನೀನು ಕೇಳಿದ್ದನ್ನ ಮಾತ್ರ ನಾನು ಮಾಡಲ್ಲ. ನಾನಾಗಿ ಯಾರಿಗೂ ಹೇಳಲ್ಲ, ಅದು ನಿನ್ನ ಕೆಲಸ. ಶಿವರಂಜನಿ ಬಂದು ಕೇಳಿದರೆ ಸುಳ್ಳು ಹೇಳೋಳೂ ನಾನಲ್ಲ. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಯಾವ ವಯಸ್ಸಿಂದ ನೋಡಿಸ್ಕೋಬೇಕು, ಯಾವ ಪರೀಕ್ಷೆ, ಅದನ್ನೆಲ್ಲ ಡಾಕ್ಟರು ಹೇಳಬೇಕಾದರೆ ಅವರಿಗೆ ಗೊತ್ತಿರಬೇಕು. ನಿನ್ನ ಆಪರೇಷನ್ನಿನ ತೀರ್ಮಾನವೂ ಇದರಿಂದ ಬದಲಾಗಬಹುದು.

ಜುಲೈ ಹದಿನಾರನೇ ತಾರೀಖು ನೀನು ಬರೆದ ಕಾಗದವನ್ನ ವಾಪಸ್ ಇಟ್ಟಿದ್ದೀನಿ. ಕೊನೆಯ ಭಾಗ ಓದು. ಮಗ ಅಂತ ಇರೋ ಕಡೆಯೆಲ್ಲ ನಿನ್ನ ಹೆಸರು, ನಾನು ಅಂತ ಇರೋ ಕಡೆಯೆಲ್ಲ ಶಿವರಂಜನಿ ಹೆಸರು ಹಾಕ್ಕೊಂಡು ಓದು.

ಇಂದ್ರಾ


ಮಸಿನಗುಡಿ
10-8-2025

ಇಂದ್ರಾ,

ನಿನ್ನ ಕವರು ಸೋಮವಾರ ಬಂತು. ನನ್ನ ಕಾಗದವನ್ನ ನನಗೇ ಕಳಿಸ್ತೀಯಲ್ಲ, ನೀನೆಂಥ ರಾಕ್ಷಸಿ! ಓದಿದೆ, ನೀನು ಹೇಳಿದ ಹಾಗೇ. ಮೂರು ಸಾಲು ದಾಟೋಕಾಗಲಿಲ್ಲ.

ಶಿವರಂಜನಿಗೆ ಫೋನ್ ಮಾಡಿ, ರಜಾ ಹಾಕಿ ಬಾ, ಆಸ್ಪತ್ರೆಗೆ ನನ್ನ ಜೊತೆ ನೀನು ಬರಬೇಕು ಅಂದೆ. ಬಂದಳು. ನನಗೆ ಕ್ಯಾನ್ಸರ್ ಅಂತ ಮನೆಯಲ್ಲೇ ಹೇಳಿದೆ. ಅತ್ತಳು, ಅಣ್ಣನ ಮೇಲೆ ಕೂಗಾಡಿದಳು, ಕೊನೆಗೆ ನನ್ನ ಬ್ಯಾಗು ಅವಳೇ ಜೋಡಿಸಿದಳು. ಅವ್ವನ ವಿಷಯ ಬಾಯಿಗೆ ಬರಲಿಲ್ಲ. ಕಲ್ಹಟ್ಟಿ ತಿರುವಿನಲ್ಲಿ ಹೇಳೋಣ ಅಂದ್ಕೊಂಡೆ, ಕುನ್ನೂರಿನಲ್ಲಿ ಹೇಳೋಣ ಅಂದ್ಕೊಂಡೆ, ಮೇಟುಪಾಳ್ಯಂ ಬಂದೇಬಿಡ್ತು.

ಡಾಕ್ಟರಮ್ಮನ ರೂಮಿನ ಬಾಗಿಲಲ್ಲಿ ನವೀನನಿಗೆ, "ನೀನು ಟೀ ಕುಡ್ಕೊಂಡು ಬಾ" ಅಂದೆ. ಹೋದ. ಒಳಗೆ ಕೂತು, ತಮಿಳಿನಲ್ಲಿ, "ಅಮ್ಮ, ಅವತ್ತು ನೀವು ನನ್ನನ್ನ ಕೇಳಿದಿರಿ, ನನ್ನ ಮಗ ಉತ್ತರ ಹೇಳಿದ, ಇವತ್ತು ನನ್ನನ್ನೇ ಕೇಳಿ" ಅಂದೆ. ಆಯಮ್ಮ ಕುರ್ಚಿ ಹತ್ತಿರ ಎಳ್ಕೊಂಡರು. ನಿಮಗೆ ಭಯ ಜಾಸ್ತಿ ಅಂತ ಮಗ ಹೇಳಿದ್ದರು, ನಾನು ಆಗಲೇ ನಿಮ್ಮನ್ನ ಕೇಳಬೇಕಿತ್ತು ಅಂದರು. ಎಲ್ಲ ಮೊದಲಿಂದ ಹೇಳಿದರು. ಕೈ ವಿಷಯ ನಾನು ಎತ್ತಿದ ಕೂಡಲೇ, ಹಾಲು ಕರೀತೀರಾ ಅಂತ ಕೇಳಿ, ಯಾವ ಕಸರತ್ತು ಮಾಡಬೇಕು ಅಂತ ತೋರಿಸಿದರು. ನನ್ನ ಜೊತೆ ಶಿವರಂಜನಿಯೂ ಕೈ ಎತ್ತಿ ಇಳಿಸಿ ಕಲಿತಳು.

ಆಮೇಲೆ ಕೇಳಿದರು. ತಾಯಿ ಕಡೆ ಯಾರಿಗಾದರೂ ಇತ್ತಾ?

ಕಾಮಾಲೆ ಅನ್ನೋ ಮಾತು ನಾಲಿಗೆ ತುದಿಗೆ ತಾನಾಗೇ ಬಂತು, ಅಷ್ಟು ವರ್ಷದ ರೂಢಿ. ಮಗಳು ನನ್ನ ಕೈ ಹಿಡಿದು ಕೂತಿದ್ದಾಳೆ. "ನನ್ನ ಅವ್ವನಿಗೆ ಇತ್ತು" ಅಂದೆ. "ಮೂವತ್ತೆಂಟಕ್ಕೆ ಹೋದಳು. ಹುಣ್ಣಾಗಿ ಒಡೆದಿತ್ತು. ನಾನೇ ತೊಳೀತಿದ್ದೆ."

ಡಾಕ್ಟರಮ್ಮ ಬರೆಯೋದು ನಿಲ್ಲಿಸಿದರು. ನನ್ನನ್ನ ನೋಡಿದರು, ಆಮೇಲೆ ಶಿವರಂಜನಿಯನ್ನ ನೋಡಿ, ನಿನಗೆಷ್ಟು ವಯಸ್ಸಮ್ಮ ಅಂದರು. ನನ್ನ ರಕ್ತ ತಗೊಂಡು ಇದು ವಂಶದಲ್ಲಿ ಬಂದದ್ದಾ ಅಂತ ಪರೀಕ್ಷೆಗೆ ಕಳಿಸಿದ್ದಾರೆ. ಅದು ಬರೋಕೆ ಮೂರು ವಾರ, ಅವತ್ತಿನ ಆಪರೇಷನ್ ಅಲ್ಲಿ ತನಕ ಮುಂದಕ್ಕೆ ಹೋಯ್ತು. ಅಷ್ಟು ಕಾದರೆ ತೊಂದರೆ ಇಲ್ಲ, ಜೂನಿನಲ್ಲೇ ಹೇಳಿದ್ದರೆ ಇಷ್ಟು ಹೊತ್ತಿಗೆ ಬಂದಿರೋದು ಅಂದರು. ಅದು ನೋಡಿದ ಮೇಲೆ ಪೂರ್ತಿಯೋ ಸ್ವಲ್ಪವೋ ನೀವೇ ಹೇಳಿ, ಮಗಳಿಗೂ ಆಗಲೇ ದಾರಿ ಹೇಳ್ತೀನಿ ಅಂದರು. ಯಾವುದನ್ನ ಹೇಳ್ತೀನೋ ಇನ್ನೂ ಗೊತ್ತಿಲ್ಲ. ಹೇಳೋಳು ನಾನೇ.

ಹೊರಗೆ ಬೆಂಚಿನ ಮೇಲೆ ಕೂತೆವು. ಶಿವರಂಜನಿ ಕೈ ಬಿಟ್ಟಿದ್ದಳು. "ಅಮ್ಮ, ನಿನಗೆ ಇದು ಯಾವತ್ತಿಂದ ಗೊತ್ತು?" ಅಂದಳು.

"ಮೂವತ್ತಾರು ವರ್ಷದಿಂದ" ಅಂದೆ.

ಅವಳು ಎದ್ದು ಮರದ ಹತ್ತಿರ ಹೋಗಿ ಆ ಹುಡುಗನಿಗೆ ಫೋನ್ ಮಾಡಿದಳು. ಬೇಡ ಅನ್ನೋಣ ಅಂತ ಎದ್ದೆ, ಯಾವ ಮುಖ ಇಟ್ಕೊಂಡು ಅಂತ ಮತ್ತೆ ಕೂತೆ. ನನ್ನ ಅಮ್ಮನಿಗೆ, ಅಮ್ಮನ ಅಮ್ಮನಿಗೆ ಅಂತ ಅವಳು ಹೇಳೋದು ಕೇಳಿಸಿತು. ಆ ಕಡೆಯಿಂದ ಅವನು ಏನಂದ ಅಂತ ಕೇಳಿಸಲಿಲ್ಲ. ತುಂಬಾ ಹೊತ್ತು ಮಾತಾಡಿದಳು. ಮುಖ ಒರೆಸಿಕೊಂಡು ವಾಪಸ್ ಬಂದು ಪಕ್ಕದಲ್ಲಿ ಕೂತಳು.

"ಏನಂದ್ರು?" ಅಂದೆ.

ನನ್ನ ಕಡೆ ತಿರುಗಿ ನೋಡಿದಳು. "ನಿನಗೆ ಹೇಳಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ದೀನಿ ಅಮ್ಮ" ಅಂದಳು.

ನಾಲ್ಕು ದಿನ ಆಯ್ತು. ಇನ್ನೂ ಹೇಳಿಲ್ಲ. ಇನ್ನೊಂದು ಸಲ ಕೇಳೋಕೆ ನನಗೆ ಬಾಯಿಲ್ಲ.

ನಿನ್ನ
ಚನ್ನಾಜಿ